ಉಸಿರು ಎಣಿಸುವ ಮನೆ



ಮಾತು ಶುರು ಮಾಡುವ ಮೊದಲು ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಮನೆಯಲ್ಲಿ ಈಗ ಹಸುಗೂಸು ಮಲಗಿದ್ದರೆ ಅದರ ಹೊಟ್ಟೆಯ ಕಡೆ ನೋಡಿ. ಎದೆಯಲ್ಲ, ಹೊಟ್ಟೆ. ಸಣ್ಣ ಮಕ್ಕಳು ಹೊಟ್ಟೆಯಿಂದ ಉಸಿರಾಡುತ್ತವೆ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎಷ್ಟು ಬಂತು ಎಂಬುದನ್ನು ನೆನಪಿಟ್ಟುಕೊಳ್ಳಿ. ಆ ಲೆಕ್ಕ ಏನು ಹೇಳುತ್ತದೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಕೂಸು ಇಲ್ಲದ ಮನೆಯವರು ಸುಮ್ಮನೆ ಕೇಳುತ್ತಿರಿ.

ನಾನು ಮಕ್ಕಳ ಡಾಕ್ಟರು. ಉತ್ತರ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಇವತ್ತು ಮಾತಾಡಲು ಬಂದಿರುವುದು ಹೃದಯದಲ್ಲಿ ದೋಷ ಇಟ್ಟುಕೊಂಡೇ ಹುಟ್ಟುವ ಮಕ್ಕಳ ವಿಷಯ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಆ ಮಕ್ಕಳ ಮನೆಯವರ ವಿಷಯ. ಆ ಮನೆಗಳ ಒಂದು ಗುರುತು ನನಗೆ ಗೊತ್ತು. ಅಲ್ಲಿ ಎಲ್ಲರೂ ಏನಾದರೊಂದು ಎಣಿಸುತ್ತಿರುತ್ತಾರೆ. ತಾಯಿ ಉಸಿರು ಎಣಿಸುತ್ತಾಳೆ. ತಂದೆ ರೊಕ್ಕ ಎಣಿಸುತ್ತಾನೆ. ಅಜ್ಜಿ ದಿನ ಎಣಿಸುತ್ತಾಳೆ. ಕೂಸಿನ ಅಕ್ಕನೋ ಅಣ್ಣನೋ ಏನು ಎಣಿಸುತ್ತಾರೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಅದನ್ನೂ ಹೇಳುತ್ತೇನೆ.

ಇದು ಎಲ್ಲೋ ಲಕ್ಷಕ್ಕೊಂದು ಮನೆಯ ಕತೆ ಎಂದು ತಿಳಿಯಬೇಡಿ. ಹುಟ್ಟುವ 100 ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಹೃದಯದ ದೋಷ ಇರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಇಂಥ ಮಕ್ಕಳು 2 ಲಕ್ಷಕ್ಕೂ ಹೆಚ್ಚು. ಅಂದರೆ ನಾನು ಈ ಮಾತು ಮುಗಿಸುವಷ್ಟರಲ್ಲಿ ಹತ್ತು ಮಕ್ಕಳಾದರೂ ಹುಟ್ಟಿರುತ್ತವೆ. ಎಲ್ಲ ದೋಷವೂ ಗಂಡಾಂತರವಲ್ಲ. ಸಣ್ಣ ತೂತು ತಾನಾಗಿಯೇ ಮುಚ್ಚಿಕೊಳ್ಳುವುದುಂಟು. ಆದರೆ ಐದರಲ್ಲಿ ಒಂದು ಮಗುವಿಗಾದರೂ ಮೊದಲ ವರ್ಷದೊಳಗೇ ಚಿಕಿತ್ಸೆ ಆಗಬೇಕು.

ಈಗ ನನ್ನದೇ ಒಂದು ತಪ್ಪಿನ ಕತೆ.

ಇಪ್ಪತ್ತು ವರ್ಷದ ಮೇಲಾಯಿತು. ಸೋಮವಾರ, ಸಂತೆಯ ದಿನ. ನನ್ನ ಕೋಣೆಯ ಹೊರಗೆ ನೂರಕ್ಕೂ ಹೆಚ್ಚು ಜನ. ಒಬ್ಬ ತಾಯಿ ಎರಡು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಬಂದಳು. ಕೆಮ್ಮು, ನೆಗಡಿ. ಕೂಸು ಅಳುತ್ತಿತ್ತು. ಅಳುವ ಕೂಸಿನ ಎದೆಯ ಸದ್ದು ಸರಿಯಾಗಿ ಕೇಳಿಸುವುದಿಲ್ಲ. ಎದೆಯಲ್ಲಿ ಕಫ ಇದೆ ಎಂದು ಔಷಧ ಬರೆದುಕೊಟ್ಟೆ. ಹದಿನೈದು ದಿನಕ್ಕೆ ಮತ್ತೆ ಬಂದಳು. ಮತ್ತೆ ಅದೇ ಔಷಧ. ಮೂರನೇ ಸಲ ಬಂದಾಗ ಆಕೆ ಒಂದು ಮಾತು ಹೇಳಿದಳು. "ಸಾಹೇಬ್ರ, ಕೂಸು ಹಾಲು ಕುಡೀವಾಗ ಹಣಿ ಮ್ಯಾಲ ಬೆವರು ಬರತೈತ್ರಿ. ಅವರಪ್ಪ ರಂಟಿ ಹೊಡದು ಬಂದಾಗ ಬೆವರ್ತಾನಲ್ರಿ, ಹಂಗ."

ಕೇಳುಗರೇ, ಅದು ವೈದ್ಯಕೀಯದ ಪುಸ್ತಕದಲ್ಲಿ ಇರುವ ಮಾತು. ಪುಸ್ತಕದಲ್ಲಿ ಇದಕ್ಕಿಂತ ಕೆಟ್ಟದಾಗಿ ಬರೆದಿರುತ್ತಾರೆ, ಅಷ್ಟೇ. ನಾನು ಆ ಪುಸ್ತಕ ಓದಿ ಪಾಸಾದವನು. ಆದರೂ ಆ ಹೊತ್ತಿನಲ್ಲಿ "ಸೆಕಿ ಐತಿ, ದಪ್ಪ ಕುಂಚಿಗಿ ಕಟ್ಟಬ್ಯಾಡವ್ವಾ" ಎಂದು ಹೇಳಿ ಕಳಿಸಿದೆ.

ನಾಲ್ಕನೇ ಸಲ ಬಂದವಳು ಕೂಸನ್ನು ಮೇಜಿನ ಮೇಲೆ ಮಲಗಿಸಿದಳು. ಸೆರಗಿನ ಗಂಟು ಬಿಚ್ಚಿದಳು. ಚೀಟಿಯ ದುಡ್ಡು ಕೊಡುತ್ತಾಳೇನೋ ಎಂದುಕೊಂಡೆ. ಗಂಟಿನಲ್ಲಿ ಇದ್ದದ್ದು ಜೋಳದ ಕಾಳು. ಅದನ್ನು ನನ್ನ ಮುಂದೆ ಸುರಿದಳು. "ಇಷ್ಟು ಉಸಿರು ರೀ" ಅಂದಳು.

ನನಗೆ ಅರ್ಥವಾಗಲಿಲ್ಲ. ಆಮೇಲೆ ವಿವರ ಬಂತು. ಊರಿನ ನರ್ಸಬಾಯಿ ಉಸಿರು ಎಣಿಸಿಕೊಂಡು ಹೋಗಿ ಡಾಕ್ಟರಿಗೆ ಹೇಳು ಎಂದಿದ್ದಳಂತೆ. ಈಕೆಗೆ ಇಪ್ಪತ್ತರಾಚೆ ಎಣಿಕೆ ಬರುತ್ತಿರಲಿಲ್ಲ. ತವರುಮನೆಯಲ್ಲಿ ಅಣ್ಣನ ಮಗ ಐದನೇ ಇಯತ್ತೆ ಓದುತ್ತಿದ್ದ. ಅವನ ಕೈಗೆ ಗಡಿಯಾರ ಕೊಟ್ಟು ಕೂಡಿಸಿದ್ದಾಳೆ. ಕೂಸು ನಿದ್ದೆಯಲ್ಲಿದ್ದಾಗ ಒಂದು ಉಸಿರಿಗೆ ಒಂದು ಕಾಳು ಬಟ್ಟಲಿಗೆ ಹಾಕುತ್ತ ಹೋಗಿದ್ದಾಳೆ. ಒಂದು ನಿಮಿಷ ಆದಾಗ ಹುಡುಗ "ಸಾಕು" ಎಂದಿದ್ದಾನೆ. ಬಟ್ಟಲಿನ ಕಾಳನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದ್ದಾಳೆ.

ಹೊರಗಿನ ಜನ ಬಾಗಿಲು ಬಡಿಯುತ್ತಿದ್ದರು. ನಾನು ಕೂತು ಕಾಳು ಎಣಿಸಿದೆ. 72.

ಕೂಸು ಆವತ್ತು ಅಳುತ್ತಿರಲಿಲ್ಲ. ಅಳುವ ಶಕ್ತಿ ಇರಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಹೃದಯದ ಸದ್ದು ಹೇಗಿರಬೇಕು ಎಂಬುದು ನಿಮಗೆ ಗೊತ್ತು. ಲಬ್ ಡಬ್, ಲಬ್ ಡಬ್. ಎರಡರ ನಡುವೆ ನಿಶ್ಶಬ್ದ. ಈ ಕೂಸಿನಲ್ಲಿ ಆ ನಿಶ್ಶಬ್ದ ಇರಲಿಲ್ಲ. ಸೋರುವ ಪೈಪಿನಿಂದ ನೀರು ಚಿಮ್ಮಿದ ಹಾಗೆ ಒಂದು ಸುಯ್ಯೆನ್ನುವ ಸದ್ದು ಅಲ್ಲಿ ತುಂಬಿಕೊಂಡಿತ್ತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಒಂದು ಕೂಸು, ಪದೇ ಪದೇ ಕೆಮ್ಮು, ಹಾಲು ಕುಡಿಯುವಾಗ ಹಣೆಯ ಮೇಲೆ ಬೆವರು, ನಿಮಿಷಕ್ಕೆ 72 ಉಸಿರು. ಈಗ, ಒಳಗೆ ಏನಾಗಿತ್ತು ಎಂಬುದನ್ನು ನೋಡೋಣ.

ಕಣ್ಣು ಮುಚ್ಚಿಕೊಂಡು ನಾಲ್ಕು ಕೋಣೆಯ ಒಂದು ಮಾಳಿಗೆ ಮನೆ ಕಲ್ಪಿಸಿಕೊಳ್ಳಿ. ಮೇಲೆ ಎರಡು ಕೋಣೆ, ಕೆಳಗೆ ಎರಡು. ಎಡಕ್ಕೂ ಬಲಕ್ಕೂ ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದೇ ಗೋಡೆ. ಬಲಗಡೆಯ ಕೋಣೆಗಳಿಗೆ ಮೈಯಿಂದ ಮರಳಿದ ಕೆಟ್ಟ ರಕ್ತ ಬರುತ್ತದೆ. ಅದು ಶ್ವಾಸಕೋಶಕ್ಕೆ ಹೋಗಿ ಗಾಳಿ ಹಿಡಿದು ಎಡಗಡೆಗೆ ಬರುತ್ತದೆ. ಎಡಗಡೆಯ ಕೆಳಕೋಣೆ ಎಲ್ಲಕ್ಕಿಂತ ಗಟ್ಟಿಗ. ಮೈಗೆಲ್ಲ ರಕ್ತ ತಳ್ಳುವವನು ಅವನೇ. ಈ ಕೂಸಿಗೆ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿತ್ತು. ಡಾಕ್ಟರುಗಳು ಇದನ್ನು ವಿ.ಎಸ್.ಡಿ. ಎನ್ನುತ್ತಾರೆ. ಗಂಭೀರ ದೋಷಗಳಲ್ಲಿ ಹೆಚ್ಚು ಕಾಣುವುದು ಇದೇ.

ಒಕ್ಕಲುತನ ಮಾಡುವವರಿಗೆ ಇದು ಬೇಗ ತಿಳಿಯುತ್ತದೆ. ಎತ್ತರದ ಹೊಲದ ಒಡ್ಡು ಒಡೆದಿದೆ. ನಿಮ್ಮ ಬೆಳೆಗೆ ಹೋಗಬೇಕಾದ ನೀರು ಕೆಳಗಿನ ಹೊಲಕ್ಕೆ ನುಗ್ಗುತ್ತದೆ. ಆ ಹೊಲದಲ್ಲಿ ಮೊದಲೇ ನೀರು ನಿಂತಿದೆ. ನಿಮ್ಮದು ಒಣಗುತ್ತದೆ, ಅವನದು ಕೊಳೆಯುತ್ತದೆ. ಆ ಕೆಳಗಿನ ಹೊಲವೇ ಶ್ವಾಸಕೋಶ. ಅಲ್ಲಿ ರಕ್ತ ಹೆಚ್ಚಾದರೆ ಉಸಿರು ಜೋರಾಗುತ್ತದೆ, ಸಣ್ಣ ನೆಗಡಿಯೂ ನ್ಯುಮೋನಿಯಾ ಆಗುತ್ತದೆ. ಇತ್ತ ಮೈಗೆ ರಕ್ತ ಸಾಲದು, ಕೂಸಿನ ತೂಕ ಏರುವುದಿಲ್ಲ.

ಬೆವರು ಯಾಕೆ? ಎಳೆಗೂಸಿಗೆ ಹಾಲು ಕುಡಿಯುವುದಕ್ಕಿಂತ ದೊಡ್ಡ ದುಡಿಮೆ ಇನ್ನೊಂದಿಲ್ಲ. ಚೀಪಬೇಕು, ನುಂಗಬೇಕು, ನಡುವೆ ಉಸಿರಾಡಬೇಕು. ಆ ತಾಯಿ ರಂಟೆ ಹೊಡೆಯುವುದಕ್ಕೆ ಹೋಲಿಸಿದ್ದು ಅಕ್ಷರಶಃ ಸರಿ.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಇಂಥ ತೂತು ಇರುವ ಕೂಸು ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ಮೊದಲ ಕೆಲವು ವಾರ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿರುತ್ತವೆ, ಹಾಗಾಗಿ ರಕ್ತ ಅತ್ತ ನುಗ್ಗುವುದಿಲ್ಲ. ಅವು ಸಡಿಲವಾಗುತ್ತ ಬಂದ ಹಾಗೆ ಸೋರಿಕೆ ಹೆಚ್ಚುತ್ತದೆ. ತೊಂದರೆ ಕಾಣುವುದು ಒಂದರಿಂದ ಎರಡು ತಿಂಗಳ ಹೊತ್ತಿಗೆ. ಅಂದರೆ ಹೆರಿಗೆ ಆಸ್ಪತ್ರೆಯಲ್ಲಿ ಎಲ್ಲ ಸರಿ ಇದೆ ಎಂದು ಹೇಳಿ ಕಳಿಸಿರುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ತೊಂದರೆ ಕಾಣುವ ಹೊತ್ತಿಗೆ ತಾಯಿ ತವರಿನಲ್ಲಿ ಬಾಣಂತನದಲ್ಲಿರುತ್ತಾಳೆ. ಕೂಸಿನ ಹತ್ತಿರ ಹಗಲು ರಾತ್ರಿ ಇರುವವಳು ಆಕೆಯೊಬ್ಬಳೇ. ಮೊದಲು ಗೊತ್ತಾಗುವುದೂ ಆಕೆಗೇ.

ಈಗ ನಿಮ್ಮ ಎಣಿಕೆಗೆ ಬರುತ್ತೇನೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಜೋರು ಉಸಿರು. ಎರಡು ತಿಂಗಳಿಂದ ಒಂದು ವರ್ಷದವರೆಗೆ 50. ಒಂದರಿಂದ ಐದು ವರ್ಷಕ್ಕೆ 40. ಒಮ್ಮೆ ಹೆಚ್ಚು ಬಂತೆಂದು ಗಾಬರಿ ಬೇಡ. ಜ್ವರ ಇದ್ದರೂ ಹೆಚ್ಚುತ್ತದೆ, ಅತ್ತರೂ ಹೆಚ್ಚುತ್ತದೆ. ಮಲಗಿದ್ದಾಗ ಮತ್ತೊಮ್ಮೆ ಎಣಿಸಿ. ಆಗಲೂ ಹೆಚ್ಚಿದ್ದರೆ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹಾಲು ಕುಡಿಯುತ್ತ ನಡುನಡುವೆ ಬಿಟ್ಟು ಸುಧಾರಿಸಿಕೊಳ್ಳುವುದು, ಹಣೆ ಬೆವರುವುದು, ತೂಕ ಏರದಿರುವುದು, ಇವೂ ಜೊತೆಗಿದ್ದರೆ ಅದನ್ನೂ ಹೇಳಿ. ಡಾಕ್ಟರು ಅವಸರದಲ್ಲಿದ್ದರೆ ಎರಡು ಸಲ ಹೇಳಿ. ನನ್ನಂಥವರೂ ಇರುತ್ತಾರೆ.

ಇದುವರೆಗಿನದು ಶ್ವಾಸಕೋಶಕ್ಕೆ ರಕ್ತ ಹೆಚ್ಚಾಗುವ ಮಕ್ಕಳ ಮಾತಾಯಿತು. ಇನ್ನೊಂದು ಬಗೆ ಇದೆ. ಅಲ್ಲಿ ಶ್ವಾಸಕೋಶಕ್ಕೆ ಹೋಗುವ ರಕ್ತವೇ ಕಡಿಮೆ. ಕೆಟ್ಟ ರಕ್ತ ಗಾಳಿ ಹಿಡಿಯದೆ ಮೈಗೆ ಹೋಗುತ್ತದೆ. ಈ ಮಕ್ಕಳ ತುಟಿ, ಉಗುರು ನೀಲಿ. ನೇರಳೆ ಹಣ್ಣು ತಿಂದು ಬಂದವರ ಬಾಯಿ ನೆನಪಿಸಿಕೊಳ್ಳಿ, ಆ ಬಣ್ಣ. ನಮ್ಮ ಮೈಬಣ್ಣಕ್ಕೆ ಇದು ಹೊರಗೆ ಸುಲಭವಾಗಿ ಕಾಣುವುದಿಲ್ಲ. ನಾಲಗೆ ನೋಡಬೇಕು, ತುಟಿಯ ಒಳಭಾಗ ನೋಡಬೇಕು.

ಈ ಮಕ್ಕಳಲ್ಲಿ ಕೆಲವು ನಡೆಯಲು ಕಲಿತ ಮೇಲೆ ಒಂದು ಉಪಾಯ ತಾವೇ ಕಂಡುಕೊಳ್ಳುತ್ತವೆ. ಹತ್ತು ಹೆಜ್ಜೆ ಓಡಿ, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತವೆ. ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗೆ ಕೂತರೆ ಕಾಲಿನ ರಕ್ತನಾಳ ಒತ್ತಿಕೊಂಡು ಶ್ವಾಸಕೋಶದ ಕಡೆಗೆ ಹೆಚ್ಚು ರಕ್ತ ತಿರುಗುತ್ತದೆ. ದಣಿವು ಇಳಿಯುತ್ತದೆ. ಶಾಲೆಯಲ್ಲಿ ಮಾಸ್ತರರು ಇದನ್ನು ಮೈಗಳ್ಳತನ ಎನ್ನುತ್ತಾರೆ. ನಾನು ಕಂಡ ಒಬ್ಬ ಹುಡುಗನಿಗೆ ಊರಲ್ಲಿ "ಕುಕ್ಕರು" ಎಂದೇ ಅಡ್ಡಹೆಸರು ಬಿದ್ದಿತ್ತು. ಇಂಥ ಮಗು ಅಳುತ್ತ ಅಳುತ್ತ ಕಡುನೀಲಿಯಾಗಿ ಉಸಿರು ಸಿಕ್ಕಿಕೊಂಡರೆ, ಎತ್ತಿಕೊಂಡು ಅದರ ಮೊಣಕಾಲುಗಳನ್ನು ಮಡಿಚಿ ಎದೆಗೆ ಒತ್ತಿ ಹಿಡಿಯಿರಿ. ಸಮಾಧಾನ ಮಾಡುತ್ತ ಹಾಗೇ ಆಸ್ಪತ್ರೆಗೆ ಒಯ್ಯಿರಿ. ಕುಕ್ಕರಗಾಲಲ್ಲಿ ಕೂತು ಮಗು ತಾನೇ ಮಾಡಿಕೊಳ್ಳುತ್ತಿದ್ದ ಉಪಕಾರವನ್ನು ಆಗ ನೀವು ಅದಕ್ಕೆ ಮಾಡಿದಂತೆ.

ಲಕ್ಷಣ ಸಾಕು. ಈಗ ಮನೆಯೊಳಗೆ ಹೋಗೋಣ.

ದೋಷ ಗೊತ್ತಾದ ದಿನ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಚಿಕಿತ್ಸೆ ಏನು ಎಂಬುದಲ್ಲ. ತಪ್ಪು ಯಾರದು ಎಂಬುದು. ಉತ್ತರವೂ ಸಿದ್ಧವಾಗಿರುತ್ತದೆ. "ಗ್ರಹಣದಾಗ ಹೊರಗ ಬಂದಿದ್ಲು." "ಬ್ಯಾಡ ಅಂದ್ರೂ ಪಪ್ಪಾಯಿ ತಿಂದ್ಲು." ಎಲ್ಲ ಬೆರಳೂ ತಾಯಿಯ ಕಡೆಗೇ. ಸಂಜೆಯ ಹೊತ್ತಿಗೆ ತಾಯಿಯೂ ಅದನ್ನು ನಂಬಿರುತ್ತಾಳೆ.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ, ಅತ್ತೆಯವರೂ ಕೇಳಲಿ. ಕೂಸಿನ ಹೃದಯದ ಗೋಡೆ, ಕೋಣೆ, ಬಾಗಿಲು ಎಲ್ಲ ರಚನೆಯಾಗುವುದು ಬಸಿರಿನ ಮೊದಲ ಎರಡು ತಿಂಗಳಲ್ಲಿ. ಆ ಹೊತ್ತಿಗೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸಿರು ಎಂಬುದೇ ಖಾತ್ರಿಯಾಗಿರುವುದಿಲ್ಲ. ತಾಯಿಕಾರ್ಡು ಮಾಡಿಸಿರುವುದಿಲ್ಲ. ಐದನೇ ತಿಂಗಳಲ್ಲಿ ಬಂದ ಗ್ರಹಣ ಎರಡನೇ ತಿಂಗಳಲ್ಲಿ ಕಟ್ಟಿ ಮುಗಿದ ಗೋಡೆಗೆ ಹೇಗೆ ತೂತು ಮಾಡೀತು?

ಹೆಚ್ಚಿನ ಮಕ್ಕಳಲ್ಲಿ ಇಂಥದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕೆಲವು ಕಾರಣಗಳು ಗೊತ್ತಿವೆ. ಬಸಿರಿಗೆ ಮೊದಲೇ ಇದ್ದು ಹಿಡಿತದಲ್ಲಿರದ ಸಕ್ಕರೆ ಕಾಯಿಲೆ ಒಂದು. ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಅದೂ ಒಂದು. ಆ ರುಬೆಲ್ಲಾ ಲಸಿಕೆಯನ್ನು ದಡಾರದ ಲಸಿಕೆಯ ಜೊತೆ ಸೇರಿಸಿ ನಮ್ಮ ರಾಜ್ಯದಲ್ಲಿ 2017ರಿಂದ ಕೊಡುತ್ತಿದ್ದಾರೆ. ಇನ್ನೊಂದು, ನಮ್ಮ ಕಡೆ ಹೇಳಿದರೆ ಸಿಟ್ಟು ಬರುವ ಮಾತು. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಈ ದೋಷ ಕಾಣುವ ಸಂಭವ ಹೆಚ್ಚು. ಹೆಚ್ಚು ಎಂದರೆ ಖಂಡಿತ ಎಂದಲ್ಲ. ಅಂಥ ಸಾವಿರಾರು ಮನೆಗಳಲ್ಲಿ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಆದರೆ ಆ ಸಂಬಂಧ ಕುದುರಿಸಿದವರು ಹಿರಿಯರು. ಬೆರಳು ತೋರಿಸಲೇಬೇಕು ಎಂದಿದ್ದರೆ ಅದು ಅತ್ತಲೂ ತಿರುಗಬೇಕಲ್ಲವೇ?

ಮುಂದಿನ ಬಸಿರಿನ ಭಯವೂ ಇರುತ್ತದೆ. ಒಂದು ಮಗುವಿಗೆ ದೋಷ ಇದ್ದರೆ ಮುಂದಿನ ಮಗುವಿಗೆ ಬರುವ ಸಂಭವ ನೂರಕ್ಕೆ ಒಂದರಿಂದ ಎರಡು ಮೂರಕ್ಕೆ ಏರುತ್ತದೆ. ತಿರುಗಿಸಿ ಹೇಳಿದರೆ, ನೂರಕ್ಕೆ 97 ಪಾಲು ಬರುವುದಿಲ್ಲ. ಐದನೇ ತಿಂಗಳ ಹೊತ್ತಿಗೆ ಹೊಟ್ಟೆಯೊಳಗಿನ ಕೂಸಿನ ಹೃದಯವನ್ನೇ ಸ್ಕ್ಯಾನ್ ಮಾಡಿ ನೋಡಬಹುದು.

ಸರಿ. ಉಸಿರಿನ ಎಣಿಕೆ ಆಯಿತು, ತಪ್ಪಿನ ಎಣಿಕೆಯೂ ಆಯಿತು. ಇನ್ನು ತಂದೆಯ ಎಣಿಕೆ.

ಇದಕ್ಕೆ ನಿಮ್ಮನ್ನು ಒಂದು ಕ್ಷಣ ದೂರದ ಅಮೆರಿಕಕ್ಕೆ ಕರೆದೊಯ್ಯುತ್ತೇನೆ. 1954ರ ಮಾರ್ಚ್ ತಿಂಗಳು. ಮಿನ್ನಿಯಾಪೊಲಿಸ್ ಎಂಬ ಊರು, ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆ. ವಾಲ್ಟನ್ ಲಿಲ್ಲಿಹೈ ಎಂಬ ಶಸ್ತ್ರವೈದ್ಯರ ಮುಂದೆ ಒಂದು ವರ್ಷದ ಗಂಡುಮಗು. ನಮ್ಮ ಜೋಳದ ಕಾಳಿನ ಕೂಸಿಗೆ ಇದ್ದ ತೂತೇ ಅದಕ್ಕೂ. ತೂತು ಮುಚ್ಚಬೇಕೆಂದರೆ ಹೃದಯ ಬಿಚ್ಚಬೇಕು. ಬಿಚ್ಚಿದಾಗ ಮೈಗೆ ರಕ್ತ ತಳ್ಳುವವರು ಯಾರು? ಹೃದಯ ಮತ್ತು ಶ್ವಾಸಕೋಶದ ಕೆಲಸ ಮಾಡುವ ಯಂತ್ರ ಆಗಷ್ಟೇ ಹುಟ್ಟಿತ್ತು, ಇನ್ನೂ ನಂಬುವ ಹಾಗಿರಲಿಲ್ಲ. ಲಿಲ್ಲಿಹೈ ಏನು ಮಾಡಿದರು ಗೊತ್ತೇ? ಪಕ್ಕದ ಮೇಜಿನ ಮೇಲೆ ಮಗುವಿನ ತಂದೆಯನ್ನು ಮಲಗಿಸಿದರು. ಅವನ ತೊಡೆಯ ರಕ್ತನಾಳದಿಂದ ಒಂದು ಕೊಳವೆ ಮಗುವಿಗೆ, ಮಗುವಿನಿಂದ ಒಂದು ಕೊಳವೆ ಅವನಿಗೆ. ನಡುವೆ ಒಂದು ಸಣ್ಣ ಪಂಪು. ಅಷ್ಟು ಹೊತ್ತು ಮಗನ ಹೃದಯ, ಮಗನ ಶ್ವಾಸಕೋಶ ಎರಡೂ ಆ ತಂದೆಯೇ.

ಆ ತೂತು ಮುಚ್ಚಿತು. ಆದರೆ ಮಗು ಹನ್ನೊಂದು ದಿನದ ಮೇಲೆ ನ್ಯುಮೋನಿಯಾದಿಂದ ತೀರಿಕೊಂಡಿತು. ಅವರು ನಿಲ್ಲಿಸಲಿಲ್ಲ. ಮುಂದೆ ಒಂದೂಕಾಲು ವರ್ಷದಲ್ಲಿ ಸುಮಾರು 45 ಮಂದಿಗೆ ಹೀಗೆ ಆಪರೇಷನ್ ಆಯಿತು. ಹೆಚ್ಚಿನವು ಸಣ್ಣ ಮಕ್ಕಳು, ಪಕ್ಕದಲ್ಲಿ ಹೆಚ್ಚಾಗಿ ತಂದೆಯೋ ತಾಯಿಯೋ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಬದುಕಿ ಮನೆಗೆ ಹೋದವು. ಪಕ್ಕದಲ್ಲಿ ಮಲಗಿದವರಲ್ಲಿ ಯಾರೂ ಸಾಯಲಿಲ್ಲ. ಆದರೆ ಒಬ್ಬ ತಾಯಿಗೆ ಗಂಭೀರ ಹಾನಿಯಾಯಿತು. ಆಮೇಲೆ ಯಂತ್ರ ಸುಧಾರಿಸಿತು. ಅಪ್ಪ ಮಲಗುವ ಮೇಜು ಆಪರೇಷನ್ ಕೋಣೆಯಿಂದ ಹೊರಗೆ ಹೋಯಿತು.

ಹೊರಗೆ ಹೋಯಿತೇ? ನನಗೆ ಅನುಮಾನ. ನಮ್ಮ ತಂದೆಯಂದಿರು ಇವತ್ತಿಗೂ ಆ ಮೇಜಿನ ಮೇಲೆಯೇ ಇದ್ದಾರೆ. ಕೊಳವೆ ಮಾತ್ರ ಬೇರೆ. ಬಿ.ಪಿ.ಎಲ್. ಕಾರ್ಡಿನಲ್ಲಿ ಕೂಸಿನ ಹೆಸರು ಸೇರಿಲ್ಲ, ಅದಕ್ಕೆ ಮೂರು ಸಲ ತಾಲೂಕು ಕಚೇರಿಗೆ. ರಕ್ತ ಕೊಡಲು ಜನ ಬೇಕು, ಅದಕ್ಕೆ ಊರಿನ ಹುಡುಗರನ್ನು ರಾತ್ರಿ ಬಸ್ಸಿನಲ್ಲಿ ಕರೆತರಬೇಕು. ಆಪರೇಷನ್ ಬಿಟ್ಟಿಯಾದರೂ ಬೆಂಗಳೂರಿನಲ್ಲಿ ಇಪ್ಪತ್ತು ದಿನದ ಊಟ, ವಸತಿ ಬಿಟ್ಟಿಯಲ್ಲ. ಅತ್ತ ಹೊಲದಲ್ಲಿ ಕಡಲೆ ಕೀಳುವ ಹೊತ್ತು. ಎತ್ತು ಮಾರಿದ ತಂದೆಯನ್ನು ನಾನು ಕಂಡಿದ್ದೇನೆ.

ಹಳೆಯ ಕಾಲಕ್ಕೆ ಹೋಲಿಸಿದರೆ ಈಗ ದಾರಿ ಸುಲಭ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ಡಾಕ್ಟರುಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಮಕ್ಕಳನ್ನು ನೋಡುತ್ತಾರೆ. ಹುಟ್ಟಿನಿಂದ 18 ವರ್ಷದವರೆಗೆ ದೋಷ ಕಂಡರೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನ ಜೊತೆಗೆ ಮೈಸೂರು, ಕಲಬುರಗಿಯಲ್ಲೂ ಇದೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ಹಣ ಕೇಳದೆ ಹೃದಯದ ಆಪರೇಷನ್ ಮಾಡುತ್ತಾ ಬಂದಿದ್ದಾರೆ. ಕೆಲವು ತೂತುಗಳಿಗೆ ಎದೆ ಕೊಯ್ಯುವುದೂ ಬೇಡ. ತೊಡೆಯ ಸಂದಿಯ ರಕ್ತನಾಳದಿಂದ ತೆಳ್ಳನೆಯ ಕೊಳವೆ ಹಾಯಿಸಿ, ಒಳಗೆ ಹೋಗಿ ಕೊಡೆಯಂತೆ ಬಿಚ್ಚಿಕೊಳ್ಳುವ ಒಂದು ಬಿರಡೆಯಿಂದ ಮುಚ್ಚುತ್ತಾರೆ.

ದಾರಿ ಇದ್ದರೂ ತಡವಾಗುವುದು ಎರಡು ಮಾತುಗಳಿಂದ. ಮೊದಲನೆಯದು, "ಕೂಸು ಇನ್ನಷ್ಟು ದಪ್ಪ ಆಗ್ಲಿ, ಆಮ್ಯಾಲ ಮಾಡ್ಸೂಣು." ದೊಡ್ಡ ತೂತು ಇರುವ ಕೂಸು ದಪ್ಪ ಆಗುವುದಿಲ್ಲ, ತೂತೇ ಅದಕ್ಕೆ ಅಡ್ಡ. ಕಾಯುತ್ತ ವರ್ಷಗಳು ಕಳೆದರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗಿಬಿಡುತ್ತವೆ. ಆಮೇಲೆ ತೂತು ಮುಚ್ಚಲು ಬರುವುದೇ ಇಲ್ಲ. ಯಾವಾಗ ಮಾಡಬೇಕು ಎಂಬುದನ್ನು ಹೃದಯದ ಡಾಕ್ಟರು ಹೇಳಲಿ, ಓಣಿಯ ಹಿರಿಯರು ಬೇಡ.

ಎರಡನೆಯ ಮಾತನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. "ಹೆಣ್ಣುಕೂಸು, ಎದಿ ಮ್ಯಾಲ ಗಾಯದ ಗುರ್ತು ಬಿದ್ರ ಮುಂದ ಯಾರು ಮಾಡ್ಕೋತಾರ?" ದಿನಾಂಕ ಕೊಟ್ಟರೂ ಬಾರದೆ ಹೋದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಇದು ನನ್ನ ಕಣ್ಣಿಗೆ ಬಿದ್ದದ್ದು. ಜೋಳದ ಕಾಳಿನ ತಾಯಿಗೂ ಈ ಮಾತು ಬಂತು. ಆಕೆ ಕೊಟ್ಟ ಉತ್ತರ ನನ್ನ ಮುಂದೆಯೇ ಕೊಟ್ಟದ್ದು. "ಮೊದಲ ಕೂಸು ಉಳೀಲಿ. ಗುರ್ತು ನೋಡೋ ಗಂಡ ಬಂದ್ರ ಬಾಗಲಾ ಹಾಕೂಣು."

ಆ ಕೂಸಿಗೆ ಒಂಬತ್ತು ತಿಂಗಳಿದ್ದಾಗ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅಲ್ಲಿಯವರೆಗೆ ಔಷಧ, ಮತ್ತು ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಹಾಲು. ಅಷ್ಟು ತಿಂಗಳು ತಾಯಿ ಒಂದು ರಾತ್ರಿಯೂ ಪೂರ್ತಿ ಮಲಗಲಿಲ್ಲ.

ಎಲ್ಲ ಮಕ್ಕಳೂ ಮನೆಗೆ ಬರುವುದಿಲ್ಲ, ಕೇಳುಗರೇ. ಇದನ್ನು ಬಿಟ್ಟು ಮಾತಾಡಿದರೆ ಈ ಹೊತ್ತು ರೇಡಿಯೋ ಮುಂದೆ ಕೂತ ಕೆಲವರಿಗೆ ನಾನು ಮೋಸ ಮಾಡಿದಂತೆ. ಒಬ್ಬ ತಂದೆ ಮಗು ಹೋದ ಹದಿಮೂರನೆಯ ದಿನ ನನ್ನ ಹತ್ತಿರ ಬಂದ. ಕೈಯಲ್ಲಿ ಒಂದು ಚೀಲ. ಅದರಲ್ಲಿ ಬಿಚ್ಚದ ಔಷಧದ ಶೀಷೆಗಳು. "ಬ್ಯಾರೆ ಯಾರದರ ಕೂಸಿಗೆ ಆಗ್ತಾವ ನೋಡ್ರಿ" ಎಂದು ಮೇಜಿನ ಮೇಲಿಟ್ಟ. ಶೀಷೆಗಳನ್ನು ಎಣಿಸಿ ಕೊಟ್ಟ, ಆರು. ಕೂತುಕೋ ಎಂದರೂ ಕೂರಲಿಲ್ಲ.

ಇಷ್ಟು ಹೊತ್ತು ತಾಯಿ, ತಂದೆ, ಮನೆಯ ಹಿರಿಯರ ಮಾತಾಯಿತು. ಉಳಿದವರು ಯಾರು? ಕೂಸಿನ ಅಕ್ಕ, ಅಣ್ಣ. ಆಗಲೇ ಹೇಳಿದೆ, ಇವರ ಎಣಿಕೆ ನನಗೆ ತಡವಾಗಿ ತಿಳಿಯಿತು ಎಂದು.

ತಪಾಸಣೆಗೆ ತಮ್ಮನ ಜೊತೆ ಬಂದ ಒಬ್ಬ ಹುಡುಗಿ, ಏಳು ವರ್ಷ ಇರಬಹುದು. ನಾನು ತಮ್ಮನ ಎದೆ ನೋಡುತ್ತಿದ್ದಾಗ ಮೇಜಿಗೆ ಆತುಕೊಂಡು ನಿಂತಿದ್ದಳು. "ನನ್ನೂ ನೋಡ್ರಿ" ಅಂದಳು. ತಮಾಷೆಗೆ ನೋಡಿದೆ. ನಿನಗೇನೂ ಆಗಿಲ್ಲ, ಗಟ್ಟಿಯಾಗಿದ್ದೀಯ ಎಂದೆ. ಅವಳ ಮುಖ ಬಾಡಿತು. "ನನಗೂ ತೂತು ಇರಬೇಕಿತ್ತು" ಅಂದಳು. ತಾಯಿ ಗದರಿದಳು. ನಾನು ತಡೆದೆ. ಕೇಳುತ್ತ ಹೋದಾಗ ತಿಳಿದದ್ದು, ಒಂದು ವರ್ಷದಲ್ಲಿ ಅವಳು ನಾಲ್ಕು ಮನೆ ಬದಲಿಸಿದ್ದಳು. ಅಜ್ಜಿಯ ಮನೆ, ಚಿಕ್ಕಮ್ಮನ ಮನೆ, ನೆರೆಮನೆ, ಮತ್ತೆ ಅಜ್ಜಿಯ ಮನೆ. ಅವ್ವ ತನ್ನ ಜೊತೆ ಮಲಗಿದ ರಾತ್ರಿಗಳನ್ನು ಅವಳು ಎಣಿಸಿಟ್ಟಿದ್ದಳು. ಬೆರಳಲ್ಲೇ ತೋರಿಸಿದಳು. ಎರಡು ಕೈಯ ಬೆರಳು ಸಾಕಾದವು.

ಅವತ್ತಿನಿಂದ ನಾನು ಚೀಟಿಯ ಕೊನೆಗೆ ಒಂದು ಸಾಲು ಹೆಚ್ಚಿಗೆ ಬರೆಯಲು ಶುರು ಮಾಡಿದೆ. ವಾರಕ್ಕೊಂದು ರಾತ್ರಿ ತಾಯಿ ದೊಡ್ಡ ಮಗುವಿನ ಜೊತೆ ಮಲಗತಕ್ಕದ್ದು. ಔಷಧದ ಅಂಗಡಿಯವರು ನಕ್ಕಿರಬೇಕು. ಆದರೆ ಚೀಟಿಯಲ್ಲಿ ಬರೆದದ್ದನ್ನು ನಮ್ಮ ಜನ ಮಾಡುತ್ತಾರೆ.

ಆಪರೇಷನ್ ಆದ ಮೇಲಿನ ವರ್ಷಗಳ ಬಗ್ಗೆ ಎರಡು ಮಾತು. ಮೊದಲು ಉಸಿರು ಎಣಿಸಿದ ಮನೆ ಈಗ ಹೆಜ್ಜೆ ಎಣಿಸಲು ತೊಡಗುತ್ತದೆ. ಓಡಬೇಡ, ಮಳೆಯಲ್ಲಿ ನೆನೆಯಬೇಡ, ಮೆಟ್ಟಿಲು ಹತ್ತಬೇಡ. ಗಾಜಿನ ಬಳೆಯ ಹಾಗೆ ಮಗುವನ್ನು ಹತ್ತಿಯಲ್ಲಿ ಸುತ್ತಿಡುತ್ತಾರೆ. ನನಗೆ ಇದರ ಮೇಲೆ ಸಿಟ್ಟಿದೆ, ಮರುಕವೂ ಇದೆ. ವರ್ಷಗಟ್ಟಲೆ ಕಾವಲು ಕೂತವರಿಗೆ ಏಳು ಎಂದರೆ ಏಳಲು ಬರುವುದಿಲ್ಲ. ಆದರೂ ಹೇಳುತ್ತೇನೆ. ತೂತು ಚೆನ್ನಾಗಿ ಮುಚ್ಚಿದ, ತಪಾಸಣೆಯಲ್ಲಿ ಎಲ್ಲ ಸರಿ ಇರುವ ಮಗು ಕಬಡ್ಡಿ ಆಡಬಹುದು. ಕೆಲವು ದೋಷಗಳಿಗೆ ಮಾತ್ರ ಮಿತಿ ಇದೆ. ಅದನ್ನು ನಿಮ್ಮ ಡಾಕ್ಟರಿಂದ ಬರೆಸಿಕೊಂಡು ಶಾಲೆಗೆ ಕೊಡಿ. ಬರೆದಿಲ್ಲದ ಮಿತಿ ಹಾಕಬೇಡಿ.

ಹಲ್ಲು ಮಾತ್ರ ಮರೆಯಬೇಡಿ. ಹುಳುಕು ಹಲ್ಲಿನ ಕ್ರಿಮಿ ರಕ್ತಕ್ಕೆ ಸೇರಿ ಹೃದಯದ ಒಳಪೊರೆಗೆ ಸೋಂಕು ತರಬಲ್ಲದು. ಹಲ್ಲು ಕೀಳಿಸುವ ಮೊದಲು ಹಲ್ಲಿನ ಡಾಕ್ಟರಿಗೆ ಹೃದಯದ ವಿಷಯ ಹೇಳಬೇಕು.

ಹೇಳಬೇಕು ಎಂದರೆ ಗೊತ್ತಿರಬೇಕು. ಇಲ್ಲಿಯೇ ಒಂದು ತೊಡಕಿದೆ. ಎಷ್ಟೋ ಮಕ್ಕಳು ದೊಡ್ಡವರಾದರೂ ತಮಗೆ ಏನಾಗಿತ್ತು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಕೇಳಿದರೆ "ಸಣ್ಣಾಂವ ಇದ್ದಾಗ ಹಾರ್ಟಿಂದ ಆಪರೇಷನ್ ಆಗೇತ್ರಿ" ಎನ್ನುತ್ತಾರೆ. ಕಾಗದ ಎಲ್ಲ ಅವ್ವನ ಟ್ರಂಕಿನಲ್ಲಿ. ಕೆಲವು ದೋಷಗಳಿಗೆ ಜೀವನಪೂರ್ತಿ ತಪಾಸಣೆ ಬೇಕು. ಹೆಣ್ಣುಮಕ್ಕಳಾದರೆ ಬಸಿರಿಗೆ ಮೊದಲು ಹೃದಯದ ಡಾಕ್ಟರನ್ನು ಕಾಣಲೇಬೇಕು. ಅವ್ವನ ಟ್ರಂಕು ಎಲ್ಲ ಕಡೆಯೂ ಜೊತೆಗೆ ಬರುವುದಿಲ್ಲವಲ್ಲ.

ಜೋಳದ ಕಾಳಿನ ಕೂಸು ಈಚೆಗೆ ನನ್ನ ಮನೆಗೆ ಬಂದಿದ್ದಳು. ಈಗ ಹುಬ್ಬಳ್ಳಿಯಲ್ಲಿ ನೌಕರಿ. ಹತ್ತನೇ ಇಯತ್ತೆಯಲ್ಲಿದ್ದಾಗ ಖೋ ಖೋ ತಂಡದಲ್ಲಿದ್ದಳು. ಜೊತೆಗೆ ತಾಯಿ. ತಾಯಿಯ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಹಳದಿ ಬಣ್ಣಕ್ಕೆ ತಿರುಗಿದ ಫೈಲು. ಮದುವೆಯ ಮಾತು ನಡೆದಿದೆ, ಏನಾದರೂ ತೊಂದರೆ ಇದೆಯೇ ಎಂದು ಕೇಳಲು ಬಂದಿದ್ದರು.

ನಾನು ಹುಡುಗಿಯನ್ನು ಕೇಳಿದೆ. "ನಿನಗೆ ಏನಾಗಿತ್ತು, ಹೇಳು ನೋಡೋಣ." ತಾಯಿ ಬಾಯಿ ತೆರೆದಳು. ಕೈ ಎತ್ತಿ ತಡೆದೆ.

ಹುಡುಗಿ ಹೇಳಿದಳು. "ವಿ.ಎಸ್.ಡಿ. ಇತ್ತು ಸರ್. ಒಂಬತ್ತು ತಿಂಗಳಿದ್ದಾಗ ಓಪನ್ ಹಾರ್ಟ್ ಆಪರೇಷನ್. ಪ್ಯಾಚ್ ಹಾಕ್ಯಾರ. ಈಗ ಔಷಧ ಇಲ್ಲ. ಎರಡು ವರ್ಷಕ್ಕೊಮ್ಮೆ ಎಕೋ ಮಾಡಸ್ತೀನಿ. ಆಪರೇಷನ್ ಟೈಮಿಗೆ ತೂಕ ಐದೂವರೆ ಕಿಲೋ."

ಎಲ್ಲ ಸರಿ ಇತ್ತು. ಫೈಲನ್ನು ತಾಯಿಯ ಕೈಯಿಂದ ತೆಗೆದು ಹುಡುಗಿಗೆ ಕೊಟ್ಟೆ. ಇನ್ನು ಇದು ನಿನ್ನ ಹತ್ತಿರ ಇರಲಿ ಎಂದೆ. ತಾಯಿ ಖಾಲಿ ಚೀಲವನ್ನು ಮಡಿಚುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಐದೂವರೆ ಅಲ್ಲ ರೀ ಸಾಹೇಬ್ರ" ಅಂದಳು. "ಐದೂಮುಕ್ಕಾಲು."